ಹಳೆಯ ಸ್ಪೀಕರಿನಲ್ಲಿ ಮಾತು ಕೊಡದೊಳಗಿಂದ ಬಂದಂತೆ ಕೇಳಿಸುವುದೇಕೆ?

ಪ್ರಶ್ನೆ: ತಂದೆಯವರು ಎಂಬತ್ತರ ದಶಕದಲ್ಲಿ ಕೊಂಡಿದ್ದ ಎರಡು ದೊಡ್ಡ ಸ್ಪೀಕರುಗಳನ್ನು ಊರಿನ ಹಂಚಿನ ಮನೆಯಿಂದ ಉಡುಪಿಯ ನಮ್ಮ ಫ್ಲ್ಯಾಟಿಗೆ ತಂದಿದ್ದೇವೆ. ಕೋಣೆ 12 ಅಡಿ ಉದ್ದ, 10 ಅಡಿ ಅಗಲವಿದೆ. ಊರಿನಲ್ಲಿ ತಾಳಮದ್ದಳೆಯ ಕ್ಯಾಸೆಟ್ ಹಾಕಿದರೆ ಅರ್ಥಧಾರಿಗಳ ಒಂದೊಂದು ಅಕ್ಷರವೂ ಬಿಡಿಬಿಡಿಯಾಗಿ ಕೇಳುತ್ತಿತ್ತು. ಇಲ್ಲಿ ಮಾತೆಲ್ಲ ಕೊಡದೊಳಗಿಂದ ಬಂದಂತೆ ಗುಂಯ್‌ಗುಡುತ್ತದೆ. ಹೊಸ ಆಂಪ್ಲಿಫಯರ್ ಕೊಂಡರೆ ಸರಿಹೋದೀತೇ?

ಉತ್ತರ: ಆಂಪ್ಲಿಫಯರಿಗೆ ಹಣ ಹಾಕುವುದನ್ನು ಸದ್ಯಕ್ಕೆ ತಡೆಹಿಡಿಯಿರಿ. ಉತ್ತರದ ಬಹುಪಾಲು ನಿಮ್ಮ ಪ್ರಶ್ನೆಯಲ್ಲಿಯೇ ಇದೆ: ಸ್ಪೀಕರು ಬದಲಾಗಿಲ್ಲ, ಮನೆ ಬದಲಾಗಿದೆ.

ಎದುರುಬದುರಾಗಿರುವ ಎರಡು ಗಟ್ಟಿ ಗೋಡೆಗಳ ನಡುವೆ ಶಬ್ದವು ಹೋಗಿ ಬಂದು ಮಾಡುವಾಗ, ಆ ಅಂತರದ ಇಮ್ಮಡಿ ಉದ್ದವಿರುವ ಅಲೆಯು ತನ್ನ ಮೇಲೆಯೇ ಬಂದು ಬಿದ್ದು ಬಲಗೊಳ್ಳುತ್ತದೆ. ಸ್ಪೀಕರು ನಿಂತ ಮೇಲೂ ಕೋಣೆ ಆ ಸ್ವರವನ್ನು ಸ್ವಲ್ಪ ಹೊತ್ತು ಹಿಡಿದಿಟ್ಟುಕೊಳ್ಳುತ್ತದೆ. ಕರಾವಳಿಯ 30 ಡಿಗ್ರಿ ಸೆಖೆಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 349 ಮೀಟರ್. ನಿಮ್ಮ ಕೋಣೆಯ 12 ಅಡಿಗೆ ಲೆಕ್ಕ ಹಾಕಿದರೆ ಆ ಸ್ವರ 48 ಹರ್ಟ್ಸ್ (ಸೆಕೆಂಡಿಗೆ 48 ಕಂಪನ) ಆಸುಪಾಸಿಗೆ ಬರುತ್ತದೆ, 10 ಅಡಿಗೆ 57 ಹರ್ಟ್ಸ್. ಫ್ಲ್ಯಾಟುಗಳಲ್ಲಿ ಸ್ಲ್ಯಾಬಿನ ಎತ್ತರವೂ ಸಾಮಾನ್ಯವಾಗಿ 10 ಅಡಿಗೆ ಹತ್ತಿರವಿರುವುದರಿಂದ ಅಗಲ ಮತ್ತು ಎತ್ತರ ಎರಡೂ ಒಂದೇ ಸ್ವರವನ್ನು ಎತ್ತಿಹಿಡಿಯುತ್ತವೆ. ಇವುಗಳ ಇಮ್ಮಡಿಯಾದ 95 ಮತ್ತು 114 ಹರ್ಟ್ಸ್‌ಗಳಲ್ಲಿಯೂ ಇದೇ ಆಗುತ್ತದೆ. ಗಂಡಸರು ಮಾತನಾಡುವಾಗಿನ ಮೂಲಸ್ವರವು ಹೆಚ್ಚಾಗಿ 85ರಿಂದ 180 ಹರ್ಟ್ಸ್‌ಗಳ ನಡುವೆ ಇರುತ್ತದೆ ಎಂಬುದನ್ನು ಇದಕ್ಕೆ ಸೇರಿಸಿ ನೋಡಿದರೆ, ಅರ್ಥಧಾರಿಯ ಕೆಲವು ಅಕ್ಷರಗಳು ಮಾತ್ರ ಉಬ್ಬಿ ಮುಂದಿನ ಅಕ್ಷರಗಳನ್ನು ನುಂಗುವುದೇಕೆ ಎಂಬುದು ತಿಳಿಯುತ್ತದೆ.

ಹಂಚಿನ ಮನೆಯಲ್ಲಿ ಈ ಕಾಟ ಕಡಿಮೆ. ಮುಚ್ಚಿಗೆ ಇಲ್ಲದ ಮಾಡು ಇಳಿಜಾರಾಗಿರುತ್ತದೆ, ನೆಲಕ್ಕೆ ಸಮಾನಾಂತರವಾಗಿರುವುದಿಲ್ಲ. ಪಕ್ಕಾಸು ಮತ್ತು ರೀಪುಗಳು ಶಬ್ದವನ್ನು ಚದುರಿಸುತ್ತವೆ, ಹಂಚುಗಳ ಸಂದಿನಿಂದ ತಗ್ಗಿನ ಸ್ವರ ಹೊರಗೆ ಹೋಗಿಬಿಡುತ್ತದೆ. ನಾನು ಕೂಡ ಹಂಚಿನ ಮನೆ ಬಿಟ್ಟು ಮಂಗಳೂರಿನ ಫ್ಲ್ಯಾಟಿಗೆ ಬಂದಾಗ ಅದೇ ಸ್ಪೀಕರು, ಅದೇ ತಂತಿ, ಅದೇ ಕ್ಯಾಸೆಟ್ ಬೇರೆಯವರ ಮನೆಯದೆಂಬಂತೆ ಕೇಳಿಸಿ, ತುಂಬ ದಿನ ಸ್ಪೀಕರು ಕೆಟ್ಟಿದೆಯೆಂದೇ ನಂಬಿದ್ದೆ.

ಆದ್ದರಿಂದ ಮೊದಲ ಕೆಲಸ ಜಾಗ ಹುಡುಕುವುದು. ಸ್ಪೀಕರುಗಳು ಮೂಲೆಯಲ್ಲಿದ್ದರೆ ಇಂದೇ ಹೊರಗೆಳೆಯಿರಿ. ಹತ್ತಿರವಿರುವ ಪ್ರತಿಯೊಂದು ಗೋಡೆಯೂ ತಗ್ಗಿನ ಸ್ವರಕ್ಕೆ 6 ಡೆಸಿಬೆಲ್‌ವರೆಗೆ ಬಲ ಕೊಡಬಲ್ಲದು, ಮತ್ತು ಮೂಲೆಯು ಕೋಣೆ ಹೀಗೆ ಬಲಗೊಳಿಸುವ ಎಲ್ಲ ಸ್ವರಗಳನ್ನೂ ಒಟ್ಟಿಗೆ ಎಬ್ಬಿಸುತ್ತದೆ. ಅಗಲ ಕಿರಿದಾದ ಗೋಡೆಯ ಕಡೆ ಅವನ್ನಿಟ್ಟು, ಶಬ್ದವು ಕೋಣೆಯ ಉದ್ದಕ್ಕೆ ಹರಿಯುವಂತೆ ಮಾಡಿ. ಹಿಂದಿನ ಗೋಡೆಯಿಂದ ಎಷ್ಟು ದೂರ ಎಂಬಲ್ಲಿ ಮಾತ್ರ, ಆದಷ್ಟು ಮುಂದಕ್ಕೆ ಎಳೆಯಿರಿ ಎಂಬ ಇಂದಿನವರ ಸಲಹೆಯನ್ನು ಕಣ್ಣುಮುಚ್ಚಿ ಒಪ್ಪಬಾರದು. ಅಮೆರಿಕದ ಎಆರ್-3ಎಯಂತಹ ಮುಚ್ಚಿದ ಪೆಟ್ಟಿಗೆಗಳು ಗೋಡೆಗೆ ಒತ್ತಿದ ಕಪಾಟಿನಲ್ಲಿ ಕೂರುವುದನ್ನು ಎಣಿಸಿಯೇ ಹುಟ್ಟಿದವು. ಅವನ್ನು ಕೋಣೆಯ ನಡುವಿಗೆ ತಂದರೆ ಧ್ವನಿ ತೆಳುವಾಗುತ್ತದೆ. ಬಿಬಿಸಿಯವರು 1970ರ ದಶಕದಲ್ಲಿ ಹೊರಾಂಗಣ ಪ್ರಸಾರದ ವಾಹನಗಳಿಗಾಗಿ ರೂಪಿಸಿದ ಪುಟ್ಟ ಎಲ್‌ಎಸ್3/5ಎಯಾದರೋ ಸ್ಟ್ಯಾಂಡಿನ ಮೇಲೆ, ಗೋಡೆಯಿಂದ ದೂರದಲ್ಲಿ ಚೆನ್ನಾಗಿ ನುಡಿಯುತ್ತದೆ. ನಿಮ್ಮ ಪೆಟ್ಟಿಗೆಯಲ್ಲಿ ಗಾಳಿಯಾಡುವ ತೂತು ಇದ್ದರೆ ಒಂದೂವರೆ ಅಡಿಯಿಂದ ಆರಂಭಿಸಿ ದಿನಕ್ಕೆ ಮೂರು ಇಂಚಿನಂತೆ ಸರಿಸುತ್ತ ಹೋಗಿ. ಮುಚ್ಚಿದ ಪೆಟ್ಟಿಗೆಯಾದರೆ ಅರ್ಧ ಅಡಿಯಿಂದ ಆರಂಭಿಸಿ. ಪ್ರತಿಸಲವೂ ಒಂದೇ ಗಂಡುದನಿಯ ಒಂದೇ ಪ್ರಸಂಗವನ್ನು ಹಾಕಿ ಕೇಳಬೇಕು, ಹಾಡು ಬದಲಿಸಿದರೆ ಹೋಲಿಕೆ ತಪ್ಪುತ್ತದೆ.

ನೀವು ಕೂರುವ ಜಾಗಕ್ಕೂ ಸ್ಪೀಕರಿನ ಜಾಗದಷ್ಟೇ ತೂಕವಿದೆ. ಹಿಂಬದಿ ಗೋಡೆಗೆ ಒರಗಿ ಕೂತರೆ ಗುಂಯ್‌ಕಾರ ಅತಿ ಹೆಚ್ಚು. ಕೋಣೆಯ ನಟ್ಟನಡುವೆ ಕೂತರೆ 48 ಹರ್ಟ್ಸ್‌ನ ಸ್ವರ ಬಹುಮಟ್ಟಿಗೆ ಮಾಯವಾಗುತ್ತದೆ. ಹಿಂಬದಿ ಗೋಡೆಯಿಂದ ಸುಮಾರು ನಾಲ್ಕೂವರೆ ಅಡಿ ಮುಂದೆ ಕುರ್ಚಿ ಇಟ್ಟು ನೋಡಿ, ಆಗ ನಿಮಗೂ ಸ್ಪೀಕರಿಗೂ ನಡುವೆ ಐದಾರು ಅಡಿ ಉಳಿಯುತ್ತದೆ. ಟ್ವೀಟರು (ಪೆಟ್ಟಿಗೆಯಲ್ಲಿ ಮೇಲಿನ ಸ್ವರಗಳನ್ನು ನುಡಿಸುವ ಪುಟ್ಟ ಘಟಕ) ಕಿವಿಯ ಮಟ್ಟಕ್ಕೆ ಬರುವಂತೆ ಸ್ಟ್ಯಾಂಡನ್ನು ಬಡಗಿಯಿಂದ ಮಾಡಿಸಬಹುದು; ನೆಲದಲ್ಲಿ ಚಾಪೆ ಹಾಸಿ ಕೇಳುವ ಮನೆಗಳಲ್ಲಿ ಆ ಎತ್ತರ ಬೇರೆಯೇ ಆಗುತ್ತದೆ.

ಗೋಡೆಗೆ ಮೊಟ್ಟೆ ತಟ್ಟೆ ಅಂಟಿಸುವುದು ವ್ಯರ್ಥ ಶ್ರಮ. ತೆಳು ಸ್ಪಂಜು ಕೂಡ ಟ್ವೀಟರಿನ ಚಿಲಿಪಿಲಿಯನ್ನಷ್ಟೇ ನುಂಗೀತು; 50 ಹರ್ಟ್ಸ್ ಅಲೆಯ ಕಾಲುಭಾಗವೇ ಒಂದೂಮುಕ್ಕಾಲು ಮೀಟರ್ ಇರುವಾಗ ಒಂದಿಂಚು ಸ್ಪಂಜಿಗೆ ಅದು ಸಿಕ್ಕುವುದಿಲ್ಲ. ಮೂಲೆಯಲ್ಲಿ ನಿಲ್ಲಿಸಿದ ದಪ್ಪನೆಯ ಹತ್ತಿ ಹಾಸಿಗೆ, ತುಂಬಿದ ಪುಸ್ತಕದ ಕಪಾಟು, ದಪ್ಪ ಪರದೆ ಇವು ಮಾತಿನ ಮಧ್ಯಸ್ವರಗಳಿಗೆ ನಿಜವಾಗಿ ಸಹಾಯ ಮಾಡುತ್ತವೆ. ಕುರ್ಚಿಯಲ್ಲಿ ಕೂತು, ಪಕ್ಕದ ಗೋಡೆಯ ಮೇಲೆ ಯಾರಾದರೂ ಕನ್ನಡಿ ಜಾರಿಸುತ್ತ ಹೋಗಲಿ. ಸ್ಪೀಕರು ಎಲ್ಲಿ ಕಾಣಿಸುತ್ತದೆಯೋ ಅಲ್ಲಿ ಪರದೆ ಬರಬೇಕು. ಇಷ್ಟಾದ ಮೇಲೂ ಉಳಿದ ಉಬ್ಬನ್ನು, ಬೇರೆಬೇರೆ ಸ್ವರಗಳ ಮಟ್ಟವನ್ನು ಪ್ರತ್ಯೇಕವಾಗಿ ಏರಿಳಿಸುವ ಈಕ್ವಲೈಸರಿನಿಂದ 3ರಿಂದ 6 ಡೆಸಿಬೆಲ್ ತಗ್ಗಿಸಬಹುದು. ಆದರೆ ತಗ್ಗಿದ ಸ್ವರವನ್ನು ಎಬ್ಬಿಸಲು ಹೋಗಬೇಡಿ, ಅಲೆಗಳು ಪರಸ್ಪರ ರದ್ದಾಗುವ ಜಾಗಕ್ಕೆ ಎಷ್ಟು ಶಕ್ತಿ ಸುರಿದರೂ ಅದು ತುಂಬುವುದಿಲ್ಲ, ಸ್ಪೀಕರಿನಲ್ಲಿ ಅದುರಿ ಶಬ್ದ ಹೊರಡಿಸುವ ಹಳೆಯ ಕೋನಿಗೆ ಮಾತ್ರ ಏಟಾಗುತ್ತದೆ.

ಇನ್ನು ಪೆಟ್ಟಿಗೆಯೊಳಗಿನ ಮುಪ್ಪು. ನಮ್ಮ ಊರಿನ ತೇವವು ಕೋನಿನ ಸುತ್ತಲಿನ ಫೋಮ್ ಅಂಚನ್ನು ಜಲವಿಭಜನೆಯಿಂದ ಹಿಟ್ಟಾಗಿಸುತ್ತದೆ. ಬೆರಳಿನಿಂದ ಮೆಲ್ಲಗೆ ಮುಟ್ಟಿ. ಅಂಟಿದರೆ ಅಥವಾ ಉದುರಿದರೆ ಆ ಸ್ಪೀಕರನ್ನು ನುಡಿಸದೆ ಅಂಚು ಬದಲಿಸಬೇಕು, ಕೋನು ಬದಲಿಸಬೇಕಾಗಿಲ್ಲ. ರಬ್ಬರ್ ಅಥವಾ ಬಟ್ಟೆಯ ಅಂಚಿದ್ದರೆ ಅದೃಷ್ಟವೆನ್ನಬೇಕು. ಟ್ವೀಟರಿನ ಮಟ್ಟ ಹೊಂದಿಸುವ ಗುಂಡಿಯೊಳಗೆ ಕಿಲುಬು ಕಟ್ಟಿದರೆ ಮೇಲಿನ ಸ್ವರಗಳು ಇಲ್ಲವಾಗಿ ಮಾತು ಇನ್ನಷ್ಟು ಮಸುಕಾಗುತ್ತದೆ. ಕಾಂಟ್ಯಾಕ್ಟ್ ಕ್ಲೀನರ್ ಹಾಕಿ ಇಪ್ಪತ್ತು ಮೂವತ್ತು ಸಲ ತಿರುಗಿಸಿದರೆ ಹೆಚ್ಚಿನ ಸಂದರ್ಭಗಳಲ್ಲಿ ಜೀವ ಬರುತ್ತದೆ. ತಗ್ಗಿನ ಮತ್ತು ಮೇಲಿನ ಸ್ವರಗಳನ್ನು ಬೇರ್ಪಡಿಸುವ ಕ್ರಾಸ್‌ಓವರಿನ ಎಲೆಕ್ಟ್ರೋಲಿಟಿಕ್ ಕೆಪಾಸಿಟರುಗಳು ನಲವತ್ತು ವರ್ಷದಲ್ಲಿ ಮೌಲ್ಯ ತಪ್ಪಿರುವ ಸಾಧ್ಯತೆ ಹೆಚ್ಚು, ಆದರೆ ಮೀಟರಿನಲ್ಲಿ ಅಳೆಯದೆ ಬದಲಿಸುವುದು ಸಲ್ಲದು. ಒಂದು ಸ್ಪೀಕರಿಗೆ ತಂತಿ ತಿರುಗಾಮುರುಗಾ ಜೋಡಿಸಿದ್ದರೆ ತಗ್ಗಿನ ಸ್ವರ ಸೊರಗುತ್ತದೆ. ಒಂದೂವರೆ ವೋಲ್ಟಿನ ಸೆಲ್ಲನ್ನು ಕ್ಷಣಮಾತ್ರ ತಾಗಿಸಿದಾಗ ಎರಡರ ಕೋನೂ ಒಂದೇ ದಿಕ್ಕಿಗೆ ಚಲಿಸಬೇಕು. ಹಳೆಯ ಜೆಬಿಎಲ್ ಸ್ಪೀಕರುಗಳಲ್ಲಿ ಕೆಂಪು ತುದಿಗೆ ಪ್ಲಸ್ ಕೊಟ್ಟರೆ ಕೋನು ಒಳಗೆ ಹೋಗುತ್ತದೆ, ಅದು ದೋಷವಲ್ಲ.

ಆಂಪ್ಲಿಫಯರಿನ ವಿಷಯಕ್ಕೆ ಮರಳಿದರೆ, 88 ಡೆಸಿಬೆಲ್ ಸಂವೇದನೆಯ ಸ್ಪೀಕರು ಒಂದು ಮೀಟರ್ ದೂರದಲ್ಲಿ ಒಂದೇ ವಾಟ್‌ಗೆ 88 ಡೆಸಿಬೆಲ್ ನುಡಿಯುತ್ತದೆ. ಅಂತಹ ಎರಡು ಸ್ಪೀಕರುಗಳ ಎದುರು ಆರು ಅಡಿಯಲ್ಲಿ ಕೂತವರಿಗೆ ತಾಳಮದ್ದಳೆಯ ಮಾತಿಗೆ ಅಷ್ಟು ಸಾಕು, ಚೆಂಡೆಯ ಪೆಟ್ಟಿಗೆಂದು 30 ವಾಟ್ ಕೈಯಲ್ಲಿದ್ದರೆ ಧಾರಾಳವಾಯಿತು. ತಂದೆಯವರ ಕಾಲದ ಆಂಪ್ಲಿಫಯರ್ ಸುಸ್ಥಿತಿಯಲ್ಲಿದ್ದರೆ ಅದನ್ನೇ ಜೋಡಿಸಿ, ಉಳಿದ ಹಣದಲ್ಲಿ ಮಳೆಗಾಲ ಹಿಡಿಯುವ ಮುನ್ನ ಫೋಮ್ ಅಂಚು ಹಾಕಿಸಿಕೊಳ್ಳಿ. ಆಟಿಯ ತೇವದಲ್ಲಿ ಅಂಟು ಒಣಗಲು ತಡವಾಗುತ್ತದೆ.