ಸಂತಾನಹರಣ: ಹರಣವಾಗುವುದು ಏನು?

‘ತಾತ್ಕಾಲಿಕ ಸಂತಾನಹರಣ ವಿಧಾನಗಳು: ವಂಕಿ, ಮಾತ್ರೆ, ನಿರೋಧ್.’ ಇಂಥ ಸಾಲು ಇನ್ನೆಷ್ಟು ಸಲ ಓದಬೇಕೋ. ಸಂತಾನಹರಣ ಎಂದರೆ ಶಾಶ್ವತ ಶಸ್ತ್ರಚಿಕಿತ್ಸೆ ಮಾತ್ರ. ವಂಕಿ (ಗರ್ಭಕೋಶದೊಳಗೆ ಇಡುವ ಕಾಪರ್-ಟಿ) ತೆಗೆಸಿದರೆ, ಮಾತ್ರೆ ಬಿಟ್ಟರೆ ಮತ್ತೆ ಬಸಿರಾಗಬಹುದು. ಅವು ಗರ್ಭನಿರೋಧಕಗಳು, ಅಷ್ಟೆ.

ಪದದ ಪೂರ್ತಿ ರೂಪ ‘ಸಂತಾನಶಕ್ತಿಹರಣ’. ಬಾಯಿಂದ ಬಾಯಿಗೆ ಹೋಗುತ್ತ ನಡುವಿನ ‘ಶಕ್ತಿ’ ಉದುರಿತು. ಹೃ ಧಾತುವಿಗೆ ಒಯ್ಯು, ಕಸಿದುಕೊ ಎಂಬ ಅರ್ಥ. ಅಪಹರಣ, ವಸ್ತ್ರಾಪಹರಣ, ಸೀತಾಪಹರಣ ಎಲ್ಲ ಅದರ ಬಳಗವೇ. ಹಾಗಾಗಿ ಈಗ ಉಳಿದಿರುವುದು ಮಕ್ಕಳನ್ನೇ ಕದ್ದೊಯ್ದಂತೆ ಕೇಳಿಸುವ ಪದ. ‘ಶಕ್ತಿ’ ಇದ್ದಾಗಲೂ ಕಾಟ ತಪ್ಪಿರಲಿಲ್ಲ ಅನ್ನಿ: ಮೈಯ ಕಸುವೇ ಹೋಗುತ್ತದೆಂದು ಗಂಡಸರು ಹೆದರಲು ಅದೊಂದೇ ಸಾಕು.

ಗೊಂದಲಕ್ಕೆ ತುಪ್ಪ ಸುರಿದದ್ದು ಬೀದಿನಾಯಿ ಸುದ್ದಿ. ನಾಯಿಗಳಿಗೆ ಮಾಡಿಸುವುದಕ್ಕೂ ಇದೇ ಹೆಸರು. ಆದರೆ ಅಲ್ಲಿ ಹೆಣ್ಣುನಾಯಿಯ ಅಂಡಾಶಯ, ಗರ್ಭಕೋಶವನ್ನೇ ತೆಗೆಯುತ್ತಾರೆ, ಗಂಡಿನ ವೃಷಣವನ್ನು. ಹೆಂಗಸರ ಟ್ಯೂಬೆಕ್ಟಮಿಯಲ್ಲಿ ಈ ಯಾವ ಅಂಗವನ್ನೂ ತೆಗೆಯುವುದಿಲ್ಲ. ಮಿನಿಲ್ಯಾಪ್ ಆದರೆ ಹೊಟ್ಟೆಯ ಮೇಲೆ 3ರಿಂದ 5 ಸೆಂ.ಮೀ. ಕೊಯ್ದು, ಎರಡೂ ಅಂಡನಾಳಗಳನ್ನು ಕಟ್ಟಿ, ನಡುವಿನ ಚೂರು ಕತ್ತರಿಸುತ್ತಾರೆ. ಲ್ಯಾಪ್ರೊಸ್ಕೋಪಿ ಆದರೆ ನಾಳವನ್ನು ಮಡಚಿ ಉಂಗುರ ತೊಡಿಸುತ್ತಾರೆ. ಅಂಡಾಶಯ ಇದ್ದಲ್ಲೇ ಇರುತ್ತದೆ, ಮುಟ್ಟೂ ಬರುತ್ತದೆ.

ಮುಟ್ಟು ಬರಬೇಕು ಎಂಬುದು ಗೊತ್ತಿಲ್ಲದಿದ್ದರೆ ಅದು ತಪ್ಪಿದಾಗ ಯಾರೂ ಗಮನಿಸುವುದಿಲ್ಲ. ಸುಮಾರು 200ರಲ್ಲಿ ಒಬ್ಬರಿಗೆ ಆಪರೇಷನ್ ವಿಫಲವಾಗುತ್ತದೆ. ಕತ್ತರಿಸಿದ ತುದಿಗಳು ಕೂಡಿಕೊಳ್ಳಬಹುದು. ನಾಳವೆಂದುಕೊಂಡು ಗರ್ಭಕೋಶವನ್ನು ಹಿಡಿದಿರುವ, ಪಕ್ಕದ ರೌಂಡ್ ಲಿಗಮೆಂಟ್ ಎಂಬ ಪಟ್ಟಿಯನ್ನು ಕಟ್ಟಿರಬಹುದು. ಆಪರೇಷನ್ ಹೊತ್ತಿಗಾಗಲೇ ಬಸಿರಾಗಿರಬಹುದು. ಹೆರಿಗೆಯ ನಂತರ 7 ದಿನದೊಳಗೆ, ಇಲ್ಲವೇ ಮುಟ್ಟು ಶುರುವಾದ 7 ದಿನದೊಳಗೆ ಮಾಡುವುದು ಈ ಕೊನೆಯದನ್ನು ತಪ್ಪಿಸಲಿಕ್ಕೂ ಹೌದು. ನಾಳದಲ್ಲೇ ಗರ್ಭ ಕಟ್ಟಿದರೆ ಜೀವಕ್ಕೆ ಕುತ್ತು. ಆಪರೇಷನ್ ಆದಮೇಲೆ ಮುಟ್ಟು ತಪ್ಪಿದರೆ 2 ವಾರದೊಳಗೆ ಆಸ್ಪತ್ರೆಗೆ ತಿಳಿಸಬೇಕು.

ಗಂಡಸರ ವ್ಯಾಸೆಕ್ಟಮಿ ಇದಕ್ಕಿಂತ ಸಣ್ಣ ಕೆಲಸ. ಹೊಟ್ಟೆ ಕೊಯ್ಯುವುದಿಲ್ಲ, ವೃಷಣಕ್ಕೆ ಕೈಹಚ್ಚುವುದಿಲ್ಲ. ವೀರ್ಯನಾಳ ಕತ್ತರಿಸಿ ಕಟ್ಟಿದರೆ ಮುಗಿಯಿತು. ಒಂದೇ ಷರತ್ತು: 3 ತಿಂಗಳು ನಿರೋಧ್ ಬಳಸಿ, ಆಮೇಲೆ ವೀರ್ಯ ಪರೀಕ್ಷೆ ಮಾಡಿಸಬೇಕು. ಆದರೂ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ವಿವಾಹಿತ ಮಹಿಳೆಯರಲ್ಲಿ ಶೇ 57ರಷ್ಟು ಮಂದಿಗೆ ಆಪರೇಷನ್ ಆಗಿದ್ದರೆ, ಗಂಡಂದಿರ ಲೆಕ್ಕ ಹೆಚ್ಚುಕಡಿಮೆ ಸೊನ್ನೆ. ಇನ್ನೊಂದು: ಹೆಂಡತಿಯ ಆಪರೇಷನ್‌ಗೆ ಗಂಡನ ಸಹಿ ಬೇಕೇ ಬೇಕು ಎಂದು ನಿಯಮ ಹೇಳುವುದಿಲ್ಲ. ಅವಳ ಒಪ್ಪಿಗೆ ಸಾಕು.

ಪದ ಬದಲಿಸೋಣವೆಂದರೆ ‘ವಂಧ್ಯೀಕರಣ’ ಎನ್ನುವವರಿದ್ದಾರೆ. ದಯವಿಟ್ಟು ಬೇಡ. ವಂಧ್ಯಾ ಎಂಬುದರ ತದ್ಭವವೇ ‘ಬಂಜೆ’. ಟ್ಯೂಬೆಕ್ಟಮಿ, ವ್ಯಾಸೆಕ್ಟಮಿ ಎಂಬ ಪದಗಳು ಆಶಾ ಕಾರ್ಯಕರ್ತೆಯರ ಬಾಯಲ್ಲಿ ಸಲೀಸಾಗಿ ಓಡಾಡುತ್ತಿವೆ, ಬರೆಯುವವರಿಗೇನು ಅಡ್ಡಿ?