ಮೊದಲು ಆ ದೀಪ ಕೆಳಗಿಡೋಣ

ಪ್ರಶ್ನೆ: ಫ್ಲಾರೆನ್ಸ್ ನೈಟಿಂಗೇಲ್ ಯುದ್ಧದ ಆಸ್ಪತ್ರೆಯಲ್ಲಿ ದೀಪ ಹಿಡಿದು ಓಡಾಡಿ ಸಾವಿರಾರು ಸೈನಿಕರನ್ನು ಉಳಿಸಿದರು ಅಂತ ಓದಿದ್ದೇವೆ. ಪುಸ್ತಕಗಳನ್ನೂ ಬರೆದಿದ್ದಾರಂತೆ, ಹೌದಾ? ಅದರಲ್ಲಿ ಏನಿದೆ?

ಉತ್ತರ: ಅವರ ಹುಟ್ಟುಹಬ್ಬ ಮೇ 12 ಹತ್ತಿರ ಬಂತು ಅಂದರೆ ಈ ಪ್ರಶ್ನೆ ಬಂದೇ ಬರುತ್ತದೆ. ನರ್ಸಿಂಗ್ ಮಕ್ಕಳಿಗೆ ಪಾಠ ಹೇಳಿಕೊಂಡು ಬಂದವಳು ನಾನು. ಇದೇ ಉತ್ತರ ಎಷ್ಟು ಸಲ ಕೊಟ್ಟಿದ್ದೇನೋ, ಲೆಕ್ಕ ಬಿಟ್ಟಿದ್ದೇನೆ. ಪುಸ್ತಕದ ವಿಷಯ ಆಮೇಲೆ.

ದೀಪ ಇದ್ದದ್ದು ಸುಳ್ಳಲ್ಲ. ಆದರೆ ನಮ್ಮ ಕಾಲೇಜುಗಳ ಸಮಾರಂಭದಲ್ಲಿ ಹಿಡಿಯುವ ಅಲ್ಲಾವುದ್ದೀನನ ದೀಪ ಅದಲ್ಲ. ಮಡಚಿಡಬಹುದಾದ ಟರ್ಕಿಯ ಲಾಟೀನು. (ಆ ದೀಪದ ಜೊತೆ ಮಕ್ಕಳು ಹೇಳುವ ಪ್ರತಿಜ್ಞೆಯೂ ಅವರು ಬರೆದದ್ದಲ್ಲ. ಅದು 1893ರಲ್ಲಿ ಅಮೆರಿಕದ ಡೆಟ್ರಾಯ್ಟ್‌ನಲ್ಲಿ ಹುಟ್ಟಿದ್ದು.)

ಲಾಟೀನಿನ ಆಕಾರ ಹೋಗಲಿ ಬಿಡಿ. ನನಗೆ ಕಿರಿಕಿರಿ ಆಗುವುದು ಇನ್ನೊಂದು ಮಾತಿಗೆ: 'ಅವರು ಬಂದರು, ಪ್ರೀತಿಯಿಂದ ನೋಡಿಕೊಂಡರು, ಸಾವು ಇಳಿಯಿತು.' ಹಾಗಾಗಲಿಲ್ಲ. 1854ರ ನವೆಂಬರ್‌ನಲ್ಲಿ 38 ದಾದಿಯರ ಜೊತೆ ಅವರು ಟರ್ಕಿಯ ಸ್ಕುಟಾರಿಗೆ, ಕ್ರಿಮಿಯಾ ಯುದ್ಧದ ಬ್ರಿಟಿಷ್ ಸೈನಿಕರಿದ್ದ ಆಸ್ಪತ್ರೆಗೆ ಬಂದರು. ಅಡುಗೆಮನೆ ಸರಿಮಾಡಿದರು, ಬಟ್ಟೆ ಒಗೆಸಿದರು, ರಾತ್ರಿ ಸುತ್ತು ಹಾಕಿದರು. ಇಷ್ಟಾದರೂ ಆ ಚಳಿಗಾಲದಲ್ಲಿ ಸಾವು ಏರುತ್ತಲೇ ಹೋಯಿತು. 1855ರ ಫೆಬ್ರವರಿಯಲ್ಲಿ ಅದು 100ಕ್ಕೆ 42ರ ಮೇಲಿತ್ತು.

ಯಾಕೆ? ಕಟ್ಟಡದ ಅಡಿಯಲ್ಲೇ ಚರಂಡಿ ಕಟ್ಟಿಕೊಂಡು ಕೂತಿತ್ತು. ಮಾರ್ಚ್‌ನಲ್ಲಿ ಇಂಗ್ಲೆಂಡಿನಿಂದ ನೈರ್ಮಲ್ಯದ ಆಯೋಗ ಬಂತು. ಚರಂಡಿ ತೊಳೆಸಿದರು, ಗೋಡೆಗೆ ಸುಣ್ಣ ಹೊಡೆಸಿದರು. ಮೊದಲ ಎರಡು ವಾರದಲ್ಲೇ ಕೈಗಾಡಿ, ಬುಟ್ಟಿ ಲೆಕ್ಕದಲ್ಲಿ 550ಕ್ಕೂ ಜಾಸ್ತಿ ಕಸ ಹೊರಗೆ ಹೋಯಿತು. ಆಸ್ಪತ್ರೆಗೆ ನೀರು ಬರುವ ಕಾಲುವೆಯಲ್ಲಿ ಸತ್ತ ಕುದುರೆ ಕೊಳೆಯುತ್ತಿತ್ತು. ಜೂನ್ ಹೊತ್ತಿಗೆ ಸಾವು 100ಕ್ಕೆ 2ರ ಆಸುಪಾಸಿಗೆ ಬಂತು.

'ಹಾಗಾದ್ರೆ ಅವರು ಏನೂ ಮಾಡಲಿಲ್ವಾ ಮೇಡಂ?' ಅಂತ ಹಿಂದಿನ ಬೆಂಚಿನಿಂದ ಒಂದು ದನಿ ಬರುತ್ತದೆ. ಇಲ್ಲೇ ನೋಡಿ ಕಥೆ ಶುರುವಾಗುವುದು. ಅಲ್ಲಿದ್ದಾಗ ಅವರಿಗೂ ಇದು ಹೊಳೆದಿರಲಿಲ್ಲ. ಊಟ ಸಾಲದು, ರೋಗಿಗಳನ್ನು ತೀರಾ ತಡವಾಗಿ ಕಳಿಸುತ್ತಿದ್ದಾರೆ ಅಂದುಕೊಂಡಿದ್ದರು. ಊರಿಗೆ ಮರಳಿದ ಮೇಲೆ ವಿಲಿಯಂ ಫಾರ್ ಎಂಬ ಅಂಕಿಅಂಶ ತಜ್ಞರ ಜೊತೆ ಕೂತು ಲೆಕ್ಕ ಹಾಕಿದಾಗ ಗೊತ್ತಾಯಿತು. ಮುಚ್ಚಿಡಬಹುದಿತ್ತು, ದೇಶವೆಲ್ಲ ಕೊಂಡಾಡುತ್ತಿತ್ತು. ಅವರು ಅದನ್ನು ಚಿತ್ರ ಬರೆದು ತೋರಿಸಿದರು!

1858ರ ಆ ಚಿತ್ರ ಸಿಕ್ಕರೆ ಒಮ್ಮೆ ನೋಡಿ. ಒಂದು ವೃತ್ತದಲ್ಲಿ 12 ತಿಂಗಳಿಗೆ 12 ಎಸಳು. ತಡೆಯಬಹುದಾಗಿದ್ದ ರೋಗದ ಸಾವು ನೀಲಿ, ಗಾಯದ್ದು ಕೆಂಪು, ಉಳಿದದ್ದು ಕಪ್ಪು. 1855ರ ಜನವರಿ ತೆಗೆದುಕೊಳ್ಳಿ: ರೋಗದಿಂದ 2761, ಗಾಯದಿಂದ 83. ಕೆಂಪು ಹುಡುಕಬೇಕು, ನೀಲಿ ಮಾತ್ರ ಹಾಳೆಯ ಅಂಚಿಗೆ ಚಾಚಿಕೊಂಡಿದೆ. ಸೈನಿಕರನ್ನು ಕೊಂದದ್ದು ಶತ್ರುವಲ್ಲ ಅಂತ ಮಂತ್ರಿಗಳಿಗೆ ಬೇರೆ ಹೇಳಬೇಕಾಗಲಿಲ್ಲ. ಅದೇ ವರ್ಷ ಲಂಡನ್ನಿನ ಸ್ಟ್ಯಾಟಿಸ್ಟಿಕಲ್ ಸೊಸೈಟಿಗೆ ಅವರು ಸದಸ್ಯರಾದರು. ಅಲ್ಲಿಗೆ ಸೇರಿದ ಮೊದಲ ಹೆಂಗಸು.

ಈಗ ಪುಸ್ತಕ. ಹೆಸರಾದದ್ದು 1859ರ 'ನೋಟ್ಸ್ ಆನ್ ನರ್ಸಿಂಗ್'. ಅದು ನರ್ಸ್‌ಗಳ ಪಠ್ಯಪುಸ್ತಕ ಅಂದುಕೊಂಡವರೇ ಜಾಸ್ತಿ. ಅಲ್ಲ, ಮನೆಯಲ್ಲಿ ಕಾಯಿಲೆಯವರನ್ನು ನೋಡಿಕೊಳ್ಳುವ ಹೆಂಗಸರಿಗಾಗಿ ಬರೆದದ್ದು. ಕಿಟಕಿ ತೆಗೆಯಿರಿ. ರೋಗಿಯ ಬಾಗಿಲಾಚೆ ನಿಂತು ಪಿಸುಗುಟ್ಟಬೇಡಿ, ಅವರು ಕಿವಿ ಚುರುಕು ಮಾಡಿಕೊಂಡು ಮಲಗಿರುತ್ತಾರೆ. ಮಾತಾಡುವಾಗ ರೋಗಿ ಕತ್ತು ತಿರುಗಿಸದೆ ನಿಮ್ಮನ್ನು ನೋಡುವಂತೆ ಎದುರಿಗೆ ಕೂತುಕೊಳ್ಳಿ. ನೋಡಲು ಬಂದವರು ಸುಮ್ನೆ ಕೊಡುವ ಧೈರ್ಯ, ಬಿಟ್ಟಿ ಸಲಹೆಗಳ ಮೇಲೇ ಒಂದು ಇಡೀ ಅಧ್ಯಾಯವಿದೆ. ಎಳನೀರು ಹಿಡಿದುಕೊಂಡು ಬಂದು 'ಏನೂ ಆಗಲ್ಲ ಬಿಡಿ, ನಮ್ಮ ಭಾವನಿಗೂ ಹೀಗೇ ಆಗಿತ್ತು' ಅನ್ನುವವರನ್ನು ವಾರ್ಡಿನಲ್ಲಿ ಕಂಡಾಗಲೆಲ್ಲ ನನಗೆ ಆ ಅಧ್ಯಾಯ ನೆನಪಾಗುತ್ತಿತ್ತು.

ನೀವು ಕೇಳಲಿಲ್ಲ, ಆದರೂ ಹೇಳಿಬಿಡುತ್ತೇನೆ: ಅವರು ಭಾರತಕ್ಕೆ ಬಂದಿದ್ದರಾ? ಒಂದು ಸಲವೂ ಇಲ್ಲ. ಆದರೆ ಭಾರತದ ಬಗ್ಗೆ ಹತ್ತಾರು ವರ್ಷ ಬರೆದರು. ಇಲ್ಲಿನ ಬ್ರಿಟಿಷ್ ಸೈನಿಕರಲ್ಲಿ ವರ್ಷಕ್ಕೆ 1000ಕ್ಕೆ 69 ಜನ ಸಾಯುತ್ತಿದ್ದರು. ದಂಡಿನ ಊರುಗಳಿಗೆಲ್ಲ ಪ್ರಶ್ನೆಪಟ್ಟಿ ಕಳಿಸಿದರು: ನೀರು ಎಲ್ಲಿಂದ, ಚರಂಡಿ ಎಲ್ಲಿಗೆ? ಬಂದ ಉತ್ತರಗಳನ್ನು ಓದಿ 1863ರಲ್ಲಿ ತಮ್ಮ ಟಿಪ್ಪಣಿ ಬರೆದರು. ನಮ್ಮ ಬೆಂಗಳೂರು ದಂಡೂ ಅದರಲ್ಲಿದೆ. ಕುಡಿಯುವ ನೀರಿನ ಹಲಸೂರು ಕೆರೆಗೇ ಬಜಾರಿನ ಚರಂಡಿಗಳು ಬಂದು ಸೇರುತ್ತಿದ್ದವು ಅಂತ ಅವರು ಲಂಡನ್ನಿನಲ್ಲಿ ಕೂತು ಬರೆದಿದ್ದಾರೆ.