ತಕರಾರು ಎಲ್ಲಿದೆ? ಹಣ, ಹೂಡಿಕೆಯ ಚರ್ಚೆ ಮಾಡುವವರಿಗೆ ಒಂದು ಟಿಪ್ಪಣಿ

ಚಿನ್ನ ಒಳ್ಳೆಯದೋ ಷೇರು ಒಳ್ಳೆಯದೋ ಅಂತ ನಮ್ಮ ಓದಿನ ಗುಂಪಿನಲ್ಲಿ ಇಬ್ಬರು ಒಂದು ಗಂಟೆ ವಾದ ಮಾಡಿದರು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುತ್ತಾರಲ್ಲ, ಹಾಗೆ. ಕೊನೆಗೆ ಸುಮ್ನೆ ಕೇಳುತ್ತಾ ಕೂತಿದ್ದವಳೊಬ್ಬಳು, "ನೀವಿಬ್ಬರೂ ಎಷ್ಟು ವರ್ಷದ ಮಾತಾಡ್ತಿದ್ದೀರಿ?" ಅಂದಳು. ಒಬ್ಬ ಮೂರು ವರ್ಷ ಅಂದ. ಇನ್ನೊಬ್ಬ ಮೂವತ್ತು ಅಂದ. ಒಂದು ಗಂಟೆಯಿಂದ ಇಬ್ಬರೂ ಬೇರೆ ಬೇರೆ ಪ್ರಶ್ನೆಗೆ ಉತ್ತರ ಕೊಡುತ್ತಿದ್ದರು.

ಆವತ್ತಿನಿಂದ ಯಾವ ಆರ್ಥಿಕ ಚರ್ಚೆ ಓದಿದರೂ ನಾನು ಮೊದಲು ಹುಡುಕುವುದು ಒಂದನ್ನೇ: ತಕರಾರು ನಿಜಕ್ಕೂ ಎಲ್ಲಿದೆ? ಕೆಲವೊಮ್ಮೆ ಅದು ಅಂಕಿಯಲ್ಲಿ ಇರುತ್ತದೆ. ಒಬ್ಬರ ಲೆಕ್ಕ ಸರಿ, ಇನ್ನೊಬ್ಬರದು ತಪ್ಪು. ಇದು ಸುಲಭ, ನೋಡಿದರೆ ಮುಗಿಯಿತು. ಕೆಲವೊಮ್ಮೆ ಅಂಕಿಯನ್ನು ಇಬ್ಬರೂ ಒಪ್ಪುತ್ತಾರೆ, ಅದರ ಕಾರಣದಲ್ಲಿ ಜಗಳ. ಕೆಲವೊಮ್ಮೆ ಕಾಲದಲ್ಲಿ. ಇನ್ನು ಕೆಲವೊಮ್ಮೆ ಏನು ಮುಖ್ಯ ಅನ್ನುವುದರಲ್ಲೇ ಭಿನ್ನಾಭಿಪ್ರಾಯ. ಬೆಲೆ ಏರಿಕೆ ತಡೆಯಲು ಎಷ್ಟು ಜನ ಕೆಲಸ ಕಳೆದುಕೊಂಡರೆ ಪರವಾಗಿಲ್ಲ ಅನ್ನುವ ಪ್ರಶ್ನೆಗೆ ಯಾವ ಕೋಷ್ಟಕವೂ ಉತ್ತರ ಕೊಡುವುದಿಲ್ಲ.

ನನ್ನ ಅನುಭವದಲ್ಲಿ ಜಾಸ್ತಿ ಅಡಗಿ ಕೂರುವುದು ಕಾಲದ ತಕರಾರು. ಅದಕ್ಕೇ ಅದರ ಮೇಲೆ ಜಾಸ್ತಿ ಹೊತ್ತು ನಿಲ್ಲುತ್ತೇನೆ.

ಐದು ಲೋಹ, ಹತ್ತು ವರ್ಷ

ಜನಸಂಖ್ಯೆ ಏರಿದರೆ ಭೂಮಿಯ ಸಂಪತ್ತು ಬರಿದಾಗುತ್ತದೆ, ಬೆಲೆ ಏರುತ್ತದೆ ಅಂತ ಜೀವಶಾಸ್ತ್ರಜ್ಞ ಪಾಲ್ ಎರ್ಲಿಕ್ ಹೇಳುತ್ತಿದ್ದರು. ಇಲ್ಲ, ಜನ ಉಪಾಯ ಹುಡುಕುತ್ತಾರೆ, ಬೆಲೆ ಇಳಿಯುತ್ತದೆ ಅಂತ ಅರ್ಥಶಾಸ್ತ್ರಜ್ಞ ಜೂಲಿಯನ್ ಸೈಮನ್. ಇಬ್ಬರೂ ಬರೀ ಮಾತಾಡಿ ಬಿಡಲಿಲ್ಲ. 1980ರಲ್ಲಿ ಪಂದ್ಯ ಕಟ್ಟಿದರು.

ಆ ಪಂದ್ಯವನ್ನು ಹೇಗೆ ಬರೆದುಕೊಂಡರು ನೋಡಿ. ತಾಮ್ರ, ಕ್ರೋಮಿಯಂ, ನಿಕ್ಕಲ್, ತವರ, ಟಂಗ್‌ಸ್ಟನ್. ಲೋಹಗಳನ್ನು ಆರಿಸಿದ್ದು ಎರ್ಲಿಕ್ ಕಡೆಯವರೇ. ಒಂದೊಂದರಲ್ಲೂ 200 ಡಾಲರ್‌ನಷ್ಟು, ಒಟ್ಟು 1,000 ಡಾಲರ್‌ನಷ್ಟು ಲೋಹ ಕೊಂಡಂತೆ ಲೆಕ್ಕ. ಹತ್ತು ವರ್ಷ ಬಿಟ್ಟು ನೋಡುವುದು. ಹಣದುಬ್ಬರ ಕಳೆದ ಮೇಲೆ ಅದರ ಬೆಲೆ 1,000 ದಾಟಿದ್ದರೆ ದಾಟಿದಷ್ಟನ್ನು ಸೈಮನ್ ಕೊಡಬೇಕು. ಕಡಿಮೆಯಾಗಿದ್ದರೆ ಕಡಿಮೆಯಾದಷ್ಟನ್ನು ಎರ್ಲಿಕ್ ಕೊಡಬೇಕು. ಯಾವ ವಸ್ತು, ಯಾವ ಅಳತೆ, ಯಾವ ದಿನ, ಎಲ್ಲವೂ ಮೊದಲೇ ಕಾಗದದ ಮೇಲೆ. ಆಮೇಲೆ ಯಾರೂ "ನಾನು ಹೇಳಿದ್ದು ಹಾಗಲ್ಲ" ಅನ್ನುವ ಹಾಗಿಲ್ಲ.

1990ರಲ್ಲಿ ಸೈಮನ್‌ಗೆ ಒಂದು ಚೆಕ್ ಬಂತು. 576 ಡಾಲರ್ 7 ಸೆಂಟ್. ಆ ಹತ್ತು ವರ್ಷದಲ್ಲಿ ಜಗತ್ತಿನ ಜನಸಂಖ್ಯೆ 80 ಕೋಟಿಗೂ ಹೆಚ್ಚು ಬೆಳೆದಿತ್ತು, ಆದರೂ ಬೆಲೆ ಇಳಿದಿತ್ತು.

ಹೆಚ್ಚಿನವರು ಈ ಕಥೆಯನ್ನು ಇಲ್ಲಿಗೆ ನಿಲ್ಲಿಸುತ್ತಾರೆ. ಕಲಿಯುವವರಿಗೆ ಬೇಕಾದ್ದು ಇದರ ಮುಂದಿದೆ. ತವರದ ಬೆಲೆಯನ್ನು ಅದುವರೆಗೆ ದೇಶಗಳ ಒಂದು ಒಕ್ಕೂಟ ಎತ್ತಿ ಹಿಡಿದಿತ್ತು. 1985ರಲ್ಲಿ ಅದರ ಹತ್ತಿರ ಹಣ ಮುಗಿಯಿತು, ಬೆಲೆ ಕುಸಿಯಿತು. ಇದಕ್ಕೂ ಮನುಷ್ಯನ ಜಾಣ್ಮೆಗೂ ಅಷ್ಟೇನೂ ಸಂಬಂಧವಿಲ್ಲ. ಇನ್ನೊಂದು, 1980 ಅಂದರೆ ಸರಕುಗಳ ಬೆಲೆ ಮೇಲೇರಿ ಕೂತಿದ್ದ ಕಾಲ. ಲೆಕ್ಕವನ್ನು ಬೇರೆ ವರ್ಷದಿಂದ ಶುರು ಮಾಡಿದರೆ ಎರ್ಲಿಕ್ ಗೆಲ್ಲುವ ಹತ್ತು ವರ್ಷಗಳು ಎಷ್ಟೋ ಸಿಗುತ್ತವೆ. ಅಂದರೆ ಸೈಮನ್ ಪಂದ್ಯ ಗೆದ್ದದ್ದು ನಿಜ, ಅವರ ವಾದ ಅಷ್ಟಕ್ಕೇ ಸಾಬೀತಾಯಿತು ಅನ್ನಲಾಗದು. ನಾನು ಸೈಮನ್ ಕಡೆಗೇ ಸ್ವಲ್ಪ ವಾಲುವವನು, ಆದರೂ ಇದನ್ನು ಒಪ್ಪಲೇಬೇಕು.

ಶುರುವಿನ ದಿನಾಂಕದ ಈ ಆಟ ಎಲ್ಲ ಕಡೆ ಇದೆ. ಚಿನ್ನದ ಬೆಲೆ 1980ರ ಜನವರಿಯಲ್ಲಿ ಔನ್ಸ್‌ಗೆ 850 ಡಾಲರ್ ಮುಟ್ಟಿ, 2001ರ ಹೊತ್ತಿಗೆ 300ಕ್ಕಿಂತ ಕೆಳಗಿತ್ತು. 2011ರಲ್ಲಿ 1,900 ದಾಟಿತು. ಚಿನ್ನ ಬೇಡ ಅನ್ನುವವರು 1980ರಿಂದ ಎಣಿಸುತ್ತಾರೆ, ಬೇಕು ಅನ್ನುವವರು 2001ರಿಂದ. ಷೇರಿನದೂ ಅದೇ ಕಥೆ. ಜಪಾನಿನ ನಿಕೇ ಸೂಚ್ಯಂಕ 1989ರ ಕೊನೆಯಲ್ಲಿ ಮುಟ್ಟಿದ ಎತ್ತರವನ್ನು ಮತ್ತೆ ದಾಟಿದ್ದು 2024ರ ಫೆಬ್ರವರಿಯಲ್ಲಿ. 34 ವರ್ಷ! ಡಿವಿಡೆಂಡ್ (ಕಂಪನಿ ಷೇರುದಾರರಿಗೆ ಹಂಚುವ ಲಾಭ) ಸೇರಿಸಿದರೆ ಚಿತ್ರ ಇಷ್ಟು ಕೆಟ್ಟದಾಗಿಲ್ಲ, ನಿಜ. ಆದರೆ "ದೀರ್ಘ ಕಾಲದಲ್ಲಿ ಷೇರು ಏರೇ ಏರುತ್ತದೆ" ಅನ್ನುವವರನ್ನು ದೀರ್ಘ ಅಂದರೆ ಎಷ್ಟು ಅಂತ ಕೇಳಲೇಬೇಕು, ಅಲ್ವಾ?

ಒಂದು ಪದ ಎಷ್ಟು ದಾರಿ ತಪ್ಪಿಸಿತು

2021ರಲ್ಲಿ ಅಮೆರಿಕದಲ್ಲಿ ಬೆಲೆ ಏರತೊಡಗಿತು. ಇದು ತಾತ್ಕಾಲಿಕ ಅಂತ ಒಂದು ಬಣ ಹೇಳಿತು. ಚಿಪ್ ಸಿಗುತ್ತಿಲ್ಲ, ಬಂದರುಗಳಲ್ಲಿ ಹಡಗುಗಳು ಕಾಯುತ್ತಿವೆ, ಹಳೆ ಕಾರಿಗೂ ಬೇಡಿಕೆ. ಇವೆಲ್ಲ ಸರಿಹೋದರೆ ಬೆಲೆಯೂ ಇಳಿಯುತ್ತದೆ ಅನ್ನುವುದು ಅವರ ಮಾತು. ಸರ್ಕಾರ ಜನರ ಕೈಗೆ ವಿಪರೀತ ಹಣ ಕೊಟ್ಟಿದೆ, ಇದು ಬೇಡಿಕೆಯ ಹಣದುಬ್ಬರ, ಸುಮ್ನೆ ಇಳಿಯುವುದಿಲ್ಲ ಅನ್ನುವುದು ಇನ್ನೊಂದು ಬಣದ ಮಾತು. ಅರ್ಥಶಾಸ್ತ್ರಜ್ಞ ಲ್ಯಾರಿ ಸಮ್ಮರ್ಸ್ ಇದನ್ನು ಆ ವರ್ಷದ ಫೆಬ್ರವರಿಯಲ್ಲೇ ಹೇಳಿದ್ದರು. ಆಗಿನ 1.9 ಲಕ್ಷ ಕೋಟಿ ಡಾಲರ್ ಕೋವಿಡ್ ಪರಿಹಾರ ಪ್ಯಾಕೇಜ್ ಬಗ್ಗೆ ಅವರು ಕೊಟ್ಟ ಎಚ್ಚರಿಕೆ ಅದು.

ನವೆಂಬರ್ ಕೊನೆಯಲ್ಲಿ ಅಮೆರಿಕದ ಕೇಂದ್ರ ಬ್ಯಾಂಕ್ ಫೆಡರಲ್ ರಿಸರ್ವ್‌ನ ಆಗಿನ ಅಧ್ಯಕ್ಷ ಜೆರೋಮ್ ಪವೆಲ್ ಅವರೇ ಆ ತಾತ್ಕಾಲಿಕ ಅನ್ನುವ ಪದವನ್ನು ಕೈಬಿಡುವ ಕಾಲ ಬಂದಿದೆ ಅಂದರು. 2022ರ ಜೂನ್‌ನಲ್ಲಿ ಹಣದುಬ್ಬರ ಶೇ 9.1 ಮುಟ್ಟಿತು. ಆ ಹೊತ್ತಿಗೆ ಉಕ್ರೇನ್ ಯುದ್ಧವೂ ಸೇರಿಕೊಂಡು ಎಣ್ಣೆ, ಗೋಧಿಯ ಬೆಲೆ ಏರಿಸಿತ್ತು. ಸಮ್ಮರ್ಸ್ ಗೆದ್ದರು ಅಂತ ಎಲ್ಲರೂ ತೀರ್ಮಾನಿಸಿದರು.

ಅದೇ ಜೂನ್‌ನಲ್ಲಿ ಸಮ್ಮರ್ಸ್ ಇನ್ನೊಂದು ಮಾತು ಹೇಳಿದರು. ಹಣದುಬ್ಬರ ಇಳಿಯಬೇಕಾದರೆ ಐದು ವರ್ಷ ನಿರುದ್ಯೋಗ ಶೇ 5ಕ್ಕಿಂತ ಮೇಲಿರಬೇಕು, ಇಲ್ಲವೇ ಒಂದು ವರ್ಷ ಶೇ 10 ಇರಬೇಕು ಅಂತ. ಕೇಂದ್ರ ಬ್ಯಾಂಕ್ ಬಡ್ಡಿ ದರವನ್ನು ಸೊನ್ನೆಯ ಹತ್ತಿರದಿಂದ 2023ರ ಜುಲೈ ಹೊತ್ತಿಗೆ ಶೇ 5.25–5.50ಕ್ಕೆ ಏರಿಸಿತು. ಹಣದುಬ್ಬರ 2023ರ ಜೂನ್‌ನಲ್ಲೇ ಶೇ 3ಕ್ಕೆ ಬಂದಿತ್ತು. ನಿರುದ್ಯೋಗ? ಆ ವರ್ಷವಿಡೀ ಶೇ 4ರ ಒಳಗೇ ಇತ್ತು.

ಈಗ ಹೇಳಿ, ಗೆದ್ದವರು ಯಾರು? ಬೆಲೆ ಏರುತ್ತದೆ ಅನ್ನುವುದರಲ್ಲಿ ಸಮ್ಮರ್ಸ್ ಸರಿ. ಇಳಿಸಲು ತೆರಬೇಕಾದ ಬೆಲೆಯ ವಿಷಯದಲ್ಲಿ ಎದುರಿನವರು ಸರಿಗೆ ಹತ್ತಿರ. ಹಡಗು, ಚಿಪ್ ಸರಿಹೋದದ್ದರಿಂದ ಇಳಿಯಿತೋ, ಬಡ್ಡಿ ಏರಿಸಿದ್ದರಿಂದ ಇಳಿಯಿತೋ ಅನ್ನುವ ಜಗಳ ಇನ್ನೂ ಮುಗಿದಿಲ್ಲ. ಅದು ಕಾರಣದ ತಕರಾರು. ಆದರೆ ಅರ್ಧ ಗೊಂದಲಕ್ಕೆ ಮೂಲ ಆ "ತಾತ್ಕಾಲಿಕ" ಅನ್ನುವ ಪದ. ಕೆಲವರಿಗೆ ಅದು ಕೆಲವೇ ತಿಂಗಳು. ಕೆಲವರಿಗೆ ಪೂರೈಕೆ ಸರಿಹೋಗುವವರೆಗೆ, ಅದಕ್ಕೆ ಎರಡು ವರ್ಷ ಹಿಡಿದರೂ ಸರಿ. ಅಡ್ಡಗೋಡೆಯ ಮೇಲೆ ದೀಪ ಇಟ್ಟಂಥ ಇಂಥ ಪದ ಕಂಡ ಕೂಡಲೇ ಅದರ ಪಕ್ಕ ಒಂದು ಸಂಖ್ಯೆ ಬರೆದುಕೊಳ್ಳಿ.

ಇಂಡೆಕ್ಸ್ ಫಂಡ್ ಜಗಳ, ಚುಟುಕಾಗಿ

ಷೇರುಗಳನ್ನು ಆರಿಸಿ ಕೊಳ್ಳಬೇಕೋ, ಸೂಚ್ಯಂಕದಲ್ಲಿರುವ ಷೇರುಗಳನ್ನೆಲ್ಲ ಹಾಗೇ ಕೊಳ್ಳುವ ಇಂಡೆಕ್ಸ್ ಫಂಡ್ ಸಾಕೋ ಅನ್ನುವುದು ಈ ಜಗಳ. 2008ರಿಂದ 2017ರವರೆಗೆ ಅಮೆರಿಕದ ಹೂಡಿಕೆದಾರ ವಾರೆನ್ ಬಫೆಟ್ ಒಂದು ಪಂದ್ಯ ಕಟ್ಟಿದ್ದರು. ಒಂದು ಕಡೆ ಅಮೆರಿಕದ ಸುಮಾರು 500 ದೊಡ್ಡ ಕಂಪನಿಗಳ ಎಸ್ ಆ್ಯಂಡ್ ಪಿ 500 ಇಂಡೆಕ್ಸ್ ಫಂಡ್, ಇನ್ನೊಂದು ಕಡೆ ಶ್ರೀಮಂತರ ಹಣವನ್ನು ಪರಿಣತರು ಆರಿಸಿ ಹೂಡುವ ಹೆಡ್ಜ್ ಫಂಡ್‌ಗಳಲ್ಲಿ ಹೂಡುವ ಐದು ಫಂಡ್‌ಗಳು. ಇಂಡೆಕ್ಸ್ ವರ್ಷಕ್ಕೆ ಸುಮಾರು ಶೇ 8.5 ಗಳಿಸಿ ಸುಲಭವಾಗಿ ಗೆದ್ದಿತು. ಆದರೆ ಮೊದಲ ವರ್ಷವೇ ಅದು ಶೇ 37 ಕುಸಿದು ಹಿಂದೆ ಬಿದ್ದಿತ್ತು. ಒಂದು ವರ್ಷದ ಪಂದ್ಯವಾಗಿದ್ದರೆ ಬಫೆಟ್ ಸೋಲುತ್ತಿದ್ದರು.

ಇದರ ಹಿಂದಿನ ತರ್ಕ ಅರ್ಥಶಾಸ್ತ್ರಜ್ಞ ವಿಲಿಯಂ ಶಾರ್ಪ್ 1991ರಲ್ಲಿ ಹೇಳಿದ್ದು. ಷೇರು ಆರಿಸಿ ಕೊಳ್ಳುವವರೆಲ್ಲರನ್ನೂ ಒಟ್ಟು ಸೇರಿಸಿದರೆ ಅವರಿಗೆ ಸಿಗುವುದು ಮಾರುಕಟ್ಟೆಯಷ್ಟೇ ಗಳಿಕೆ, ಅದರಲ್ಲಿ ಖರ್ಚು ಕಳೆಯಬೇಕು. ಎದುರು ಬಣದ ಗಟ್ಟಿ ವಾದ ಅರ್ಥಶಾಸ್ತ್ರಜ್ಞರಾದ ಗ್ರಾಸ್‌ಮನ್ ಮತ್ತು ಸ್ಟಿಗ್ಲಿಟ್ಜ್ 1980ರಲ್ಲಿ ಬರೆದದ್ದು. ಬೆಲೆಯಲ್ಲೇ ಎಲ್ಲ ಮಾಹಿತಿ ಇದ್ದರೆ ಕಂಪನಿಯ ಲೆಕ್ಕ ಓದಲು ಯಾರು ತಲೆ ಕೆಡಿಸಿಕೊಳ್ಳುತ್ತಾರೆ? ಯಾರೂ ಓದದಿದ್ದರೆ ಬೆಲೆ ಸರಿಯಾಗಿರುವುದು ಹೇಗೆ? ಎರಡನ್ನೂ ಒಪ್ಪಬಹುದು. ಒಂದು ವಾದ ನಿಮ್ಮ ಉಳಿತಾಯದ್ದು, ಇನ್ನೊಂದು ಇಡೀ ಮಾರುಕಟ್ಟೆಯದ್ದು.

ಮನೆಗೆಲಸ: ಎಐ ಷೇರು ಗುಳ್ಳೆಯೇ?

ಗುಳ್ಳೆ ಅಂದರೆ ನಿಜವಾದ ಮೌಲ್ಯಕ್ಕಿಂತ ವಿಪರೀತ ಉಬ್ಬಿ, ಒಂದು ದಿನ ಒಡೆಯುವ ಬೆಲೆ. ನಾವು ಗುಂಪಿನಲ್ಲಿ ಇದನ್ನು ಮಾಡಿದ ರೀತಿ ಹೇಳುತ್ತೇನೆ. ಗುಳ್ಳೆ ಅನ್ನುವವರು ಗುಳ್ಳೆ ಅಲ್ಲ ಅನ್ನುವವರ ವಾದ ಬರೆಯಬೇಕು. ಓದಿ ಎದುರಿನವರು "ಹೌದು, ನಾನು ಹೇಳೋದು ಇದೇ" ಅನ್ನಬೇಕು. ಅಲ್ಲಿವರೆಗೆ ಅದಕ್ಕೆ ಉತ್ತರ ಕೊಡುವ ಹಾಗಿಲ್ಲ. ಮೊದಲ ದಿನ ಯಾರಿಗೂ ಇದು ಆಗಲಿಲ್ಲ. ನಾನು ಬರೆದದ್ದನ್ನು ಎರಡು ಸಲ ವಾಪಸ್ ಕೊಟ್ಟರು.

ಮೂರನೇ ಸಲ ಬರೆಯುವಾಗ ಒಂದು ವಿಷಯ ಹೊಳೆಯಿತು. "ಈ ತಂತ್ರಜ್ಞಾನ ಜಗತ್ತು ಬದಲಿಸುತ್ತದೆ" ಅನ್ನುವುದು ಒಂದು ಮಾತು. "ಇವತ್ತಿನ ಬೆಲೆಗೆ ಕೊಂಡವರಿಗೆ ಲಾಭವಾಗುತ್ತದೆ" ಅನ್ನುವುದು ಬೇರೆಯೇ ಮಾತು. ಇಂಟರ್‌ನೆಟ್ ಜಗತ್ತನ್ನು ಬದಲಿಸಿತು, ಅದರಲ್ಲಿ ಎರಡು ಮಾತಿಲ್ಲ. ಆದರೆ 2000ದ ಮಾರ್ಚ್‌ನಲ್ಲಿ 5,000 ದಾಟಿದ್ದ, ತಂತ್ರಜ್ಞಾನ ಕಂಪನಿಗಳೇ ಹೆಚ್ಚಿರುವ ಅಮೆರಿಕದ ನಾಸ್ಡಾಕ್ ಸೂಚ್ಯಂಕ 2002ರ ಅಕ್ಟೋಬರ್‌ಗೆ 1,114ಕ್ಕೆ ಬಂತು, ಹಳೆ ಎತ್ತರ ಮತ್ತೆ ಕಂಡದ್ದು 2015ರಲ್ಲಿ. ಆ ಕುಸಿತದಲ್ಲಿ ಅಮೆಜಾನ್ ಷೇರು ಶೇ 90ಕ್ಕೂ ಹೆಚ್ಚು ಬಿದ್ದಿತ್ತು, ಕಂಪನಿ ಮಾತ್ರ ಎದ್ದು ನಿಂತಿತು. ಹಾಗಾಗಿ ಎರಡೂ ಬಣದವರು ಅದೇ 2000ವನ್ನು ತಮ್ಮ ಸಾಕ್ಷಿ ಮಾಡಿಕೊಳ್ಳುತ್ತಾರೆ!

ನಮ್ಮ ಹಾಳೆಯಲ್ಲಿ ಈಗ ಎರಡು ಸಾಲಿವೆ. ಎಡಗಡೆ: ಡೇಟಾ ಸೆಂಟರ್‌ಗೆ ಸುರಿಯುವ ಹಣಕ್ಕೆ ತಕ್ಕಷ್ಟು ಆದಾಯ ಮೂರು ವರ್ಷದಲ್ಲಿ ಬರುತ್ತದೆ. ಬಲಗಡೆ: ಬರುವುದಿಲ್ಲ, ಚಿಪ್‌ಗಳು ಅಷ್ಟರಲ್ಲಿ ಹಳೆಯದಾಗುತ್ತವೆ. "ತಕ್ಕಷ್ಟು" ಅಂದರೆ ಎಷ್ಟು ಅಂತ ಇನ್ನೂ ಒಪ್ಪಂದ ಆಗಿಲ್ಲ. ಮುಂದಿನ ವಾರ ಅದನ್ನು ಸಂಖ್ಯೆಯಲ್ಲಿ ಬರೆದು, ಕೆಳಗೆ ದಿನಾಂಕ ಹಾಕಿ, ಇಬ್ಬರಿಂದಲೂ ಸಹಿ ಹಾಕಿಸಬೇಕು.